ಅಂದಾಜು ಮೊದಲು, ಅಳತೆ ಆಮೇಲೆ: ಮಾಟುಂಗಾದ ಒಂದು ಬೇಸಿಗೆ ತರಗತಿ

ನನ್ನ ಮೊಮ್ಮಗಳು ಈ ಮೇ ತಿಂಗಳಿನ ಮೂರು ವಾರಗಳನ್ನು ಮುಂಬೈಯ ಮಾಟುಂಗಾದಲ್ಲಿ ಹೆಚ್ಚಾಗಿ ವಿಜ್ಞಾನ, ಗಣಿತ ಕಲಿಸುವ ಒಂದು ಬೇಸಿಗೆ ತರಗತಿಯಲ್ಲಿ ಕಳೆದಳು. ಅವಳಿಗೆ ಎಂಟು ವರ್ಷ, ಮೂರನೆಯ ತರಗತಿ ಮುಗಿಸಿ ನಾಲ್ಕಕ್ಕೆ ಹೋಗುವವಳು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಅವಳನ್ನು ಕರೆದೊಯ್ಯುವ, ಕಾಯುವ, ಮರಳಿ ಕರೆತರುವ ಹೊಣೆ ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿರುವ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ನಡೆಯುವ ತರಗತಿಗಾಗಿ ವಡಾಲದ ನಮ್ಮ ಮನೆಗೆ ಹೋಗಿ ಮತ್ತೆ ಬರುವುದರಲ್ಲಿ ಅರ್ಥವಿಲ್ಲವೆಂದು ನಾನು ಹೆಚ್ಚಿನ ದಿನಗಳಲ್ಲಿ ಹೊರಗಿನ ಬೆಂಚಿನ ಮೇಲೆಯೇ ಕುಳಿತಿರುತ್ತಿದ್ದೆ. ಬಾಗಿಲು ತೆರೆದೇ ಇರುತ್ತಿದ್ದುದರಿಂದ ಒಳಗೆ ನಡೆಯುವುದರ ಬಹುಪಾಲು ನನ್ನ ಕಣ್ಣಿಗೂ ಕಿವಿಗೂ ಬೀಳುತ್ತಿತ್ತು. ಹಾಗಾಗಿ ಈ ವಿಮರ್ಶೆ ಮಗುವಿನ ಬಾಯಿಂದ ಕೇಳಿದ್ದಷ್ಟನ್ನೇ ನಂಬಿ ಬರೆದದ್ದಲ್ಲ.

ನಡೆಸುವವರ ಹೆಸರನ್ನು ನಾನು ಬರೆಯುತ್ತಿಲ್ಲ. ಇಬ್ಬರೇ ಸೇರಿ ನಡೆಸುವ ಸಣ್ಣ ವ್ಯವಸ್ಥೆ ಅದು. ಮೆಚ್ಚಿಕೊಂಡದ್ದರ ಜೊತೆಗೆ ಬೇಸರಪಟ್ಟದ್ದನ್ನೂ ಬಿಡಿಸಿ ಹೇಳಬೇಕಾಗಿರುವುದರಿಂದ ಹೆಸರಿಲ್ಲದಿರುವುದೇ ಒಳ್ಳೆಯದು. ಇಂಥ ತರಗತಿಗಳನ್ನು ಹುಡುಕುತ್ತಿರುವ ಮುಂಬೈ ಕನ್ನಡಿಗರಿಗೆ ಯಾವುದನ್ನು ನೋಡಿ ಆರಿಸಬೇಕು ಎಂಬುದು ತಿಳಿದರೆ ಸಾಕು. ಮೈಸೂರು ಅಸೋಸಿಯೇಶನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ರಜೆಗೆಂದು ಖಾಲಿಯಿರುವ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದು ಅವರು ಇದನ್ನು ನಡೆಸುತ್ತಾರೆ ಎಂಬಷ್ಟು ವಿಳಾಸ ಹೇಳುತ್ತೇನೆ. ಹದಿನೈದು ದಿನಗಳ ಪಾಠಕ್ಕೆ ಶುಲ್ಕ 6,500 ರೂಪಾಯಿ. ವಯಸ್ಸು ಏಳರಿಂದ ಹತ್ತು.

ಮೊದಲಿಗೆ ಹಿಂದಿನ ವರ್ಷದ ಮಾತನ್ನು ಹೇಳಿಬಿಡಬೇಕು, ಏಕೆಂದರೆ ಈ ವರ್ಷದ್ದನ್ನು ನಾನು ತೂಗಿದ್ದು ಆ ತಕ್ಕಡಿಯಲ್ಲೇ. ಕಳೆದ ಬೇಸಿಗೆಯಲ್ಲಿ ಅವಳನ್ನು ಬೇರೊಂದು ಕಡೆ, ಹವಾನಿಯಂತ್ರಿತ ಕೋಣೆಗಳಿರುವ, ಗೋಡೆಯ ತುಂಬ ಗ್ರಹಗಳ ಚಿತ್ರ ಅಂಟಿಸಿರುವ ಜಾಗಕ್ಕೆ ಸೇರಿಸಿದ್ದೆವು. ಹನ್ನೆರಡು ದಿನಕ್ಕೆ 9,000 ರೂಪಾಯಿ. ರೋಬೋಟ್ ಮಾಡಿಸುತ್ತೇವೆ ಎಂದಿದ್ದರು. ಅರ್ಧ ಜೋಡಿಸಿಯೇ ಇಟ್ಟ ಪ್ಲಾಸ್ಟಿಕ್ಕಿನ ಗಾಡಿಯೊಂದನ್ನು ಪ್ರತಿ ಮಗುವಿನ ಕೈಗೆ ಕೊಟ್ಟು, ಚಿತ್ರದಲ್ಲಿ ತೋರಿಸಿದ ಹಾಗೆ ನಾಲ್ಕು ತಿರುಪು ಬಿಗಿಸಿ, ಬ್ಯಾಟರಿ ಹಾಕಿ, ಓಡಿಸಿ, ಚಪ್ಪಾಳೆ ತಟ್ಟಿಸಿದರು. ಬ್ಯಾಟರಿಯನ್ನು ತಿರುವಿ ಹಾಕಿದರೆ ಏನಾಗುತ್ತದೆ ಎಂದು ಇವಳು ಕೇಳಿದ್ದಕ್ಕೆ, ಹಾಳಾಗುತ್ತದೆ, ಮುಟ್ಟಬೇಡ ಎಂದರಂತೆ. ಮನೆಗೆ ಬಂದವಳು ಊಟಕ್ಕೂ ಕೂರದೆ ತಿರುವಿಯೇ ಹಾಕಿದಳು, ಗಾಡಿ ಹಿಂದಕ್ಕೆ ಓಡಿತು. ಹನ್ನೆರಡು ದಿನಗಳಲ್ಲಿ ಅವಳು ಕಲಿತದ್ದು ಅದೊಂದೇ, ಅದೂ ನಮ್ಮ ಅಡುಗೆಮನೆಯ ನೆಲದ ಮೇಲೆ. ಚಿನ್ನದ ಅಂಚಿನ ಪ್ರಮಾಣಪತ್ರ ಈಗಲೂ ಕಪಾಟಿನಲ್ಲಿದೆ.

ಹೀಗಾಗಿ ಈ ಸಲ ಯಾರೋ ಪರಿಚಯದವರು ಮಾಟುಂಗಾದ ಹೆಸರು ಹೇಳಿದಾಗ ನನಗೆ ವಿಶೇಷ ಉತ್ಸಾಹವೇನೂ ಇರಲಿಲ್ಲ. ಮೊದಲ ದಿನ ಮಕ್ಕಳಿಗೆ ಕೊಟ್ಟದ್ದು ಇನ್ನೂರು ಪುಟದ ಒಂದು ಬರಿಯ ನೋಟ್‌ಬುಕ್ಕು, ಒಂದು ಅಳತೆಪಟ್ಟಿ, ಒಂದು ಪೆನ್ನು. ಪೆನ್ಸಿಲ್ಲಿಲ್ಲ, ರಬ್ಬರಂತೂ ಇಲ್ಲವೇ ಇಲ್ಲ. ನೋಟ್‌ಬುಕ್ಕಿನ ಪ್ರತಿ ಪುಟಕ್ಕೂ ನಡುವೆ ಗೆರೆ ಎಳೆಸಿ, ಎಡಗಡೆ ಅಂದಾಜು, ಬಲಗಡೆ ಅಳತೆ ಎಂದು ಬರೆಸಿದರು. ಮುಖ್ಯ ಶಿಕ್ಷಕಿ ಮರಾಠಿಯವರು. ಆಧೀ ಅಂದಾಜ್, ಮಗ್ ಮೋಜ್‌ಮಾಪ್ ಎಂಬುದು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುವ ಮಾತು. ಅಂದಾಜು ನಮ್ಮ ಭಾಷೆಯಲ್ಲೂ ಅದೇ ಅರ್ಥದ ಮಾತಾಗಿರುವುದರಿಂದ ಮೊಮ್ಮಗಳಿಗೆ ಆ ಪದವನ್ನು ಯಾರೂ ಅನುವಾದಿಸಿ ಹೇಳಬೇಕಾಗಲಿಲ್ಲ. ಎಡಗಡೆ ಬರೆದದ್ದನ್ನು ಹೊಡೆದುಹಾಕುವಂತಿಲ್ಲ, ತಪ್ಪಾದರೆ ಕೆಂಪು ಶಾಯಿಯ ಗುರುತೂ ಇಲ್ಲ. ಶಾಲೆಯಲ್ಲಿ ತಪ್ಪು ಉತ್ತರ ಬರೆದರೆ ಅಳಿಸಿ, ಒರೆಸಿ, ಕಾಗದ ತೂತಾಗುವವರೆಗೆ ಉಜ್ಜಿ ಅಭ್ಯಾಸವಾದ ಮಕ್ಕಳಿಗೆ ಇದು ಮೊದಲ ಎರಡು ದಿನ ಬಹಳ ಕಷ್ಟವಾಯಿತು. ನಮ್ಮವಳು ಮೊದಲ ದಿನ ಎಡಗಡೆಯನ್ನು ಖಾಲಿ ಬಿಟ್ಟು, ಅಳತೆಯಾದ ಮೇಲೆ ಅದೇ ಉತ್ತರವನ್ನು ಗುಟ್ಟಾಗಿ ಅಲ್ಲಿ ತುಂಬಿದಳು. ಶಿಕ್ಷಕಿ ನೋಡಿ ನಕ್ಕರೇ ಹೊರತು ಏನೂ ಅನ್ನಲಿಲ್ಲ. ಮೂರನೆಯ ದಿನದಿಂದ ಅವಳೇ ಬಿಟ್ಟಳು.

ಮಕ್ಕಳು ಆ ಶಿಕ್ಷಕಿಯನ್ನು ಕರೆಯುವುದು ತಾಯಿ ಎಂದು. ಮರಾಠಿಯಲ್ಲಿ ಅದು ಅಕ್ಕ; ಕನ್ನಡದ ಕಿವಿಗೆ ಮಾತ್ರ ಬೇರೆಯೇ ಕೇಳುತ್ತದೆ. ನಮ್ಮ ತಾಯಿ ಇವತ್ತು ಹೀಗೆ ಹೇಳಿದರು ಎಂದು ಇವಳು ರಾತ್ರಿ ಊಟದ ಹೊತ್ತಿಗೆ ಶುರುಮಾಡಿದರೆ ಸೊಸೆ, ನಾನೆಲ್ಲಿ ಹೇಳಿದೆ ಎಂದು ತಟ್ಟೆಯಿಂದ ತಲೆಯೆತ್ತುತ್ತಿದ್ದಳು.

ಈ ತರಗತಿಯ ಬೆಲೆ ಏನೆಂದು ಕೇಳುವವರಿಗೆ ನಾನು ಹೇಳುವುದು ನೆರಳಿನ ಪಾಠದ ಕತೆ. ಮೊದಲ ದಿನವೇ ಮಕ್ಕಳನ್ನು ಟೆರೇಸಿಗೆ ಹತ್ತಿಸಿ, ಮರದ ಹಲಗೆಯೊಂದಕ್ಕೆ ಕೂರಿಸಿದ ಒಂದು ಮೀಟರ್ ಎತ್ತರದ ಪಿವಿಸಿ ಕೊಳವೆಯನ್ನು ನಿಲ್ಲಿಸಿದರು. ಗಾರೆಯವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ಇಳಿಬಿಡುವ ದಾರ ಕಟ್ಟಿದ ಗುಂಡನ್ನು ತಂದು, ಕೊಳವೆ ಸರಿಯಾಗಿ ನಿಂತಿದೆಯೇ ಎಂದು ಮಕ್ಕಳಿಂದಲೇ ಪರೀಕ್ಷೆ ಮಾಡಿಸಿದರು. ನೆರಳು ಅತಿ ಗಿಡ್ಡವಾಗುವುದು ಎಷ್ಟು ಗಂಟೆಗೆ ಎಂದು ಅಂದಾಜು ಬರೆಯಿರಿ ಎಂದಾಗ ಹೆಚ್ಚಿನವರು 12 ಎಂದು ಬರೆದರು, ನಮ್ಮವಳೂ ಅಷ್ಟೆ. ಆಮೇಲೆ ಹನ್ನೊಂದೂವರೆಯಿಂದ ಹತ್ತು ಹತ್ತು ನಿಮಿಷಕ್ಕೊಮ್ಮೆ ಸರದಿಯಂತೆ ಇಬ್ಬಿಬ್ಬರು ಮೇಲೆ ಹೋಗಿ, ತಲೆಗೆ ಟೋಪಿ ಹಾಕಿಕೊಂಡು, ನೆರಳಿನ ತುದಿಗೆ ಸೀಮೆಸುಣ್ಣದ ಚುಕ್ಕಿಯಿಟ್ಟು ಬಂದರು. ಸೂರ್ಯನನ್ನು ತಲೆಯೆತ್ತಿ ನೋಡಬಾರದು ಎಂಬ ಎಚ್ಚರಿಕೆಯನ್ನು ಶಿಕ್ಷಕಿ ಪ್ರತಿ ಜೋಡಿಗೂ ಮತ್ತೆ ಮತ್ತೆ ಹೇಳುತ್ತಿದ್ದರು. ಶುರುವಿನಲ್ಲಿ ಒಂದು ಗೇಣಿಗಿಂತ ಉದ್ದವಿದ್ದ ನೆರಳು ಹನ್ನೆರಡರ ಹೊತ್ತಿಗೂ ಕುಗ್ಗುತ್ತಲೇ ಇತ್ತು. ಅದು ಅತ್ಯಂತ ಗಿಡ್ಡವಾದದ್ದು 12:35ರ ಸುಮಾರಿಗೆ, ಆಗ ಉಳಿದದ್ದು ಉತ್ತರಕ್ಕೆ ಚಾಚಿದ, ಐದು ಸೆಂಟಿಮೀಟರಿಗಿಂತ ತುಸು ಕಡಿಮೆಯ ತುಣುಕು.

ಹನ್ನೆರಡಕ್ಕೆ ಯಾಕಲ್ಲ ಎಂದು ಎಲ್ಲರೂ ಕೂಗಿದರು. ಇಂಥ ಹೊತ್ತಿನಲ್ಲಿ ಉತ್ತರ ಗೊತ್ತಿರುವ ದೊಡ್ಡವರಿಗೆ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟವೆಂದು ನನಗೆ ಬೆಂಚಿನ ಮೇಲೆ ಕುಳಿತೇ ಗೊತ್ತಾಯಿತು, ಏಕೆಂದರೆ ನಾನು ಎದ್ದು ಹೇಳಿಬಿಡುವವನಿದ್ದೆ. ಶಿಕ್ಷಕಿ ಮಾತ್ರ, ಮನೆಯಲ್ಲಿ ಗಡಿಯಾರದ ಬಗ್ಗೆ ಕೇಳಿಕೊಂಡು ಬನ್ನಿ ಎಂದಷ್ಟೇ ಹೇಳಿ ಮುಗಿಸಿದರು.

ಅಂದು ಸಂಜೆ ನಮ್ಮ ಮನೆಯಲ್ಲಿ ನಡೆದ ಮಾತುಕತೆಗೆ ನಾನು ಪ್ರತ್ಯೇಕವಾಗಿ ಶುಲ್ಕ ಕೊಡುವುದಕ್ಕೂ ಸಿದ್ಧನಿದ್ದೆ. ನಾನು 1974ರಲ್ಲಿ ಊರಿನಿಂದ ಮುಂಬೈಗೆ ಬಂದಾಗ ನಮ್ಮ ಕೋಣೆಯಲ್ಲಿದ್ದ ಹಿರಿಯರೊಬ್ಬರು ಬಾಂಬೆ ಟೈಮ್ ಎಂಬ ಮಾತನ್ನು ಆಗಾಗ ಆಡುತ್ತಿದ್ದರು. ಇಡೀ ದೇಶಕ್ಕೆ ಒಂದೇ ಗಡಿಯಾರವೆಂದು 1906ರಲ್ಲಿ ನಿಗದಿಯಾದ ಮೇಲೂ ಮುಂಬೈ ತನ್ನದೇ ಸಮಯವನ್ನು 1955ರವರೆಗೆ ಉಳಿಸಿಕೊಂಡಿತ್ತು. ಅದು ಭಾರತೀಯ ಸಮಯಕ್ಕಿಂತ 39 ನಿಮಿಷ ಹಿಂದೆ. ಭಾರತದ ಗಡಿಯಾರ ನಡೆಯುವುದು ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ಮುಂಬೈ ಇರುವುದು 73ರ ಹತ್ತಿರ. ಒಂದು ಡಿಗ್ರಿ ತಿರುಗಲು ಭೂಮಿಗೆ ನಾಲ್ಕು ನಿಮಿಷ ಬೇಕು. ಇದನ್ನೆಲ್ಲ ನಾನು ಕಿತ್ತಳೆಹಣ್ಣೊಂದನ್ನು ತಿರುಗಿಸುತ್ತ ಹೇಳಿದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿ, ಅಜ್ಜ, ಹಾಗಾದರೆ 12:39 ಆಗಬೇಕಿತ್ತಲ್ಲ, ನಮಗೆ 12:35 ಬಂದದ್ದು ಯಾಕೆ ಎಂದಳು. ವರ್ಷದ ಬೇರೆ ಬೇರೆ ತಿಂಗಳಲ್ಲಿ ಸೂರ್ಯ ಗಡಿಯಾರಕ್ಕಿಂತ ತುಸು ಮುಂದೆ ಅಥವಾ ಹಿಂದೆ ಇರುತ್ತಾನೆ, ಮೇ ನಡುವಿನಲ್ಲಿ ನಾಲ್ಕು ನಿಮಿಷದಷ್ಟು ಮುಂದಿರುತ್ತಾನೆ ಎಂಬುದನ್ನು ನಾನು ಮರುದಿನ ಬೆಳಿಗ್ಗೆ ಓದಿಕೊಂಡು ಹೇಳಬೇಕಾಯಿತು. ನಲವತ್ತು ವರ್ಷ ಅಂಕಿಗಳ ನಡುವೆ ಕೆಲಸ ಮಾಡಿದವನಿಗೆ ಎಂಟು ವರ್ಷದ ಹುಡುಗಿ ನಾಲ್ಕು ನಿಮಿಷದ ಲೆಕ್ಕ ತಪ್ಪಿದ್ದನ್ನು ತೋರಿಸಿಕೊಟ್ಟಳು.

ಅಲ್ಲಿಂದ ಪ್ರತಿದಿನ 12:35ಕ್ಕೆ ಒಂದು ಅಳತೆ. ನೆರಳು ದಿನದಿಂದ ದಿನಕ್ಕೆ ಕುಗ್ಗಿ, ಮೇ 15ರಂದು ಮಾಯವಾಯಿತು. ಮುಂಬೈ ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಅಂದು ಸೂರ್ಯ ನಡುಹಗಲಿನಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಪತ್ರಿಕೆಗಳಲ್ಲಿ ಇದನ್ನು ಶೂನ್ಯ ನೆರಳಿನ ದಿನ ಎಂದು ಬರೆಯುತ್ತಾರೆ, ನಾನೂ ಎಷ್ಟೋ ಸಲ ಓದಿ ಮರೆತಿದ್ದೇನೆ. ಅಂದು ಟೆರೇಸಿನಲ್ಲಿ ಅದನ್ನು ನೋಡಿದ್ದು ಬೇರೆಯೇ ಅನುಭವ. ಕೊಳವೆಯ ಬುಡದಲ್ಲಿ ತೆಳ್ಳನೆಯ ಮಸುಕು ಅಂಚಿನ ಹೊರತು ಏನೂ ಇರಲಿಲ್ಲ. ನೀರಿನ ಟಾಕಿಯ ಮೇಲಿನ ಕಬ್ಬಿಣದ ಕೊಳವೆಗೂ ನೆರಳಿಲ್ಲ. ಮಕ್ಕಳು ತಮ್ಮ ಕಾಲ ಬುಡದಲ್ಲಿ ಕೊಳೆಯಂತೆ ಮುದುಡಿ ಬಿದ್ದ ನೆರಳನ್ನು ತುಳಿಯಲು ಜಿಗಿದಾಡುತ್ತಿದ್ದರು. ನಾಲ್ಕೈದು ನಿಮಿಷ ಕಳೆಯುವಷ್ಟರಲ್ಲಿ ಪೂರ್ವದ ಕಡೆಗೆ ನೆರಳು ಇಣುಕಿತು.

ನಿಜವಾದ ಪಾಠ ಇದ್ದದ್ದು ಆಮೇಲಿನ ದಿನಗಳಲ್ಲಿ. ಇನ್ನು ಮುಂದೆ ಏನಾಗುತ್ತದೆ ಎಂಬುದಕ್ಕೆ ನಮ್ಮವಳು ಎಡಗಡೆಯಲ್ಲಿ ಬರೆದ ಅಂದಾಜು, ಇನ್ನು ನೆರಳೇ ಇರುವುದಿಲ್ಲ ಎಂದು. ಮರುದಿನ ನೆರಳು ಮತ್ತೆ ಮೂಡಿತ್ತು, ಆದರೆ ದಕ್ಷಿಣಕ್ಕೆ. ಮೂರನೆಯ ವಾರದ ಕೊನೆಗೆ ಅದು ಎರಡೂವರೆ ಸೆಂಟಿಮೀಟರನ್ನು ದಾಟಿತ್ತು. ಸೂರ್ಯ ನಮ್ಮನ್ನು ದಾಟಿ ಆಚೆಗೆ ಹೋದ ಎಂಬ ಮಾತನ್ನು ಯಾರೂ ಹೇಳಿಕೊಡದೆ ಮಕ್ಕಳೇ ಕಂಡುಕೊಂಡರು. ಉಡುಪಿಯಲ್ಲಿರುವ ನನ್ನ ಅಕ್ಕನಿಗೆ ಫೋನು ಮಾಡಿ, ನಿಮ್ಮಲ್ಲಿ ಏಪ್ರಿಲ್ ಕೊನೆಯ ವಾರದಲ್ಲೇ ನೆರಳು ಮಾಯವಾಗಿತ್ತು, ನೀವು ನೋಡಲೇ ಇಲ್ಲ ಎಂದು ಮೊಮ್ಮಗಳು ಗದರಿದಳು. ದೆಹಲಿಯಲ್ಲಿರುವ ಸೋದರಮಾವನಿಗೆ, ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆಗಿರುವುದರಿಂದ ನಿಮಗೆ ಅಂಥ ದಿನವೇ ಇಲ್ಲ ಎಂದು ಕನಿಕರದಿಂದ ತಿಳಿಸಿದಳು.

ಇದೇ ವಿಷಯದಲ್ಲಿ ಒಂದು ಎಡವಟ್ಟೂ ನಡೆಯಿತು, ಅದನ್ನು ಅವರು ಸರಿಪಡಿಸಿದ ರೀತಿಯಿಂದಾಗಿಯೇ ನನಗೆ ಈ ತರಗತಿಯ ಮೇಲೆ ವಿಶ್ವಾಸ ಹುಟ್ಟಿತು. ಸಹಾಯಕ್ಕಿರುವ ಕಾಲೇಜು ಹುಡುಗ, ಬೇಸಿಗೆಯಲ್ಲಿ ಭೂಮಿ ಸೂರ್ಯನ ಹತ್ತಿರ ಬರುವುದರಿಂದ ಸೆಕೆಯಾಗುತ್ತದೆ ಎಂದು ಒಬ್ಬ ಹುಡುಗನ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟುಬಿಟ್ಟ. ಇದು ದೊಡ್ಡವರೂ ಆಡುವ ತಪ್ಪು ಮಾತು. ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿ ಮೊದಲ ವಾರದಲ್ಲಿ, ಅತಿ ದೂರವಿರುವುದು ಜುಲೈ ಮೊದಲ ವಾರದಲ್ಲಿ. ಮೇ ತಿಂಗಳಲ್ಲಿ ನಾವು ದೂರ ಸರಿಯುತ್ತಿರುತ್ತೇವೆ. ಮರುದಿನ ಬೆಳಿಗ್ಗೆ ಶಿಕ್ಷಕಿ ಹಾಜರಿ ತೆಗೆದುಕೊಳ್ಳುವ ಮೊದಲೇ, ನಿನ್ನೆ ನಾವು ನಿಮಗೆ ತಪ್ಪು ಹೇಳಿದೆವು ಎಂದು ಎಲ್ಲರ ಎದುರು ಹೇಳಿದರು. ಅವನು ಹೇಳಿದ ಎನ್ನಲಿಲ್ಲ, ನಾವು ಎಂದರು. ಆ ಹುಡುಗನೂ ಮುಖ ಮುದುಡಿಕೊಳ್ಳದೆ ಮುಂದೆ ಬಂದು ಚೆಂಡು, ಟಾರ್ಚು ಹಿಡಿದು ಭೂಮಿಯ ಓರೆಯನ್ನು ವಿವರಿಸಿದ. ನಾನು ಓದಿದ ಕಾಲದಲ್ಲಿ ಮೇಷ್ಟರೊಬ್ಬರು ನಿನ್ನೆಯದು ತಪ್ಪು ಎಂದು ಒಪ್ಪಿಕೊಂಡದ್ದು ನನಗೆ ನೆನಪಿಲ್ಲ. ಆಗ ನಮ್ಮವಳು ಕೈಯೆತ್ತಿ ಕೇಳಿದ ಪ್ರಶ್ನೆಯನ್ನು ಅವರು ಹಲಗೆಯ ಮೂಲೆಯಲ್ಲಿ ಬರೆದು ಮೂರು ವಾರವೂ ಅಳಿಸದೆ ಉಳಿಸಿದರು: ಜುಲೈ ಕೊನೆಯಲ್ಲಿ ಸೂರ್ಯ ತಿರುಗಿ ಬರುವಾಗ ಇನ್ನೊಮ್ಮೆ ನೆತ್ತಿಯ ಮೇಲೆ ಬರುತ್ತಾನಲ್ಲ, ಆಗ ಯಾಕೆ ಇಷ್ಟು ಸೆಕೆಯಿಲ್ಲ? ಮಳೆ, ಮೋಡ ಎಂಬ ಅಂದಾಜುಗಳು ಎಡಗಡೆಯಲ್ಲಿ ಬಂದವು. ಬಲಗಡೆಯನ್ನು ಖಾಲಿ ಬಿಡಿಸಿದರು.

ಗಣಿತದ ಗಂಟೆಯ ಬಗ್ಗೆಯೂ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಬಾಕಸ್, ವೇಗದ ಲೆಕ್ಕ, ಮಗ್ಗಿಯ ಸ್ಪರ್ಧೆ ಇವು ಯಾವುದೂ ಇಲ್ಲಿಲ್ಲ. ಎರಡನೆಯ ವಾರ ಪೂರ್ತಿ ಕಾಪ್ರೇಕರರ ಸಂಖ್ಯೆಗೆ ಮೀಸಲಾಗಿತ್ತು. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು 1905ರಲ್ಲಿ ಇಲ್ಲಿಯೇ ಹತ್ತಿರದ ಡಹಾಣೂವಿನಲ್ಲಿ ಹುಟ್ಟಿ, ನಾಶಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದವರು. ನಾಲ್ಕು ಅಂಕಿಗಳ ಯಾವುದೇ ಸಂಖ್ಯೆಯನ್ನು ತೆಗೆದುಕೊಂಡು, ಅಂಕಿಗಳನ್ನು ಇಳಿಕೆಯ ಕ್ರಮದಲ್ಲೊಮ್ಮೆ, ಏರಿಕೆಯ ಕ್ರಮದಲ್ಲೊಮ್ಮೆ ಬರೆದು ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು. ಬಂದ ಉತ್ತರಕ್ಕೆ ಮತ್ತೆ ಹಾಗೆಯೇ ಮಾಡಬೇಕು. ಏಳು ಸಲದೊಳಗೆ 6174 ಬಂದೇ ಬರುತ್ತದೆ, ಬಂದ ಮೇಲೆ ಅಲ್ಲಿಂದ ಕದಲುವುದಿಲ್ಲ. ಕಳೆಯುವುದು ಬಿಟ್ಟರೆ ಬೇರೇನೂ ಬೇಡದ ಈ ಆಟ ಮೂರನೆಯ ತರಗತಿಯ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ. ಶಾಲೆಯ ಮನೆಗೆಲಸದಲ್ಲಿ ಐದು ಕಳೆಯುವ ಲೆಕ್ಕಕ್ಕೆ ಹತ್ತು ಸಲ ನೀರು ಕುಡಿಯಲು ಏಳುವ ನಮ್ಮ ಹುಡುಗಿ ಒಂದು ಸಂಜೆಗೆ ಮೂವತ್ತು ಲೆಕ್ಕಗಳನ್ನು, ಯಾರೂ ಹೇಳದೆ, ಮಾಡಿದಳು. ನನ್ನ ಹುಟ್ಟಿದ ಇಸವಿಯನ್ನೂ ಬಿಡಲಿಲ್ಲ. 1952 ಮೊದಲು 8262 ಆಯಿತು, ಆಮೇಲೆ 6354, 3087, 8352, ಐದನೆಯ ಸಲಕ್ಕೆ 6174.

ತರಗತಿಯಲ್ಲಿ ಒಬ್ಬ ಹುಡುಗ 7777 ತೆಗೆದುಕೊಂಡು ಸೊನ್ನೆ ಬಂತೆಂದು ಅಳುಮುಖ ಮಾಡಿದ. ಶಿಕ್ಷಕಿ ಅದನ್ನು ಹಲಗೆಯ ಮೇಲೆ ಬರೆದು, ನಾಲ್ಕೂ ಅಂಕಿ ಒಂದೇ ಆದರೆ ನಡೆಯುವುದಿಲ್ಲ ಎಂಬ ನಿಯಮಕ್ಕೆ ಆ ಹುಡುಗನ ಹೆಸರನ್ನೇ ಇಟ್ಟರು. ಮೂರು ಅಂಕಿಗಳಾದರೆ ಏನಾಗುತ್ತದೆ ಎಂಬುದನ್ನು ಮನೆಗೆ ಬಿಟ್ಟರು. ಅಲ್ಲಿ 495 ಬರುತ್ತದೆ. ಎರಡು ಅಂಕಿಗಳಲ್ಲಿ ಏನು ಬರುತ್ತದೆಂದು ನಮ್ಮವಳು ರಾತ್ರಿ ಒಂಬತ್ತರವರೆಗೆ ಊಟದ ಮೇಜಿನ ಮೇಲೆ ಕುಸ್ತಿ ಹಿಡಿದಳು. ಎಲ್ಲಿಯೂ ನಿಲ್ಲುತ್ತಿಲ್ಲ ಅಜ್ಜ, ತಪ್ಪಾಗುತ್ತಿದೆ ಎಂದು ಕಾಗದವನ್ನು ನನ್ನ ಕಡೆಗೆ ತಳ್ಳಿದಳು. 81, 63, 27, 45, 9, ಮತ್ತೆ 81. ನಾನು ಏನೂ ಹೇಳಲಿಲ್ಲ, ಆ ಹೊತ್ತಿಗೆ ನನಗೂ ಬಾಯಿ ಮುಚ್ಚಿಕೊಂಡಿರುವ ಅಭ್ಯಾಸವಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಆ ಐದು ಸಂಖ್ಯೆಗಳನ್ನು ಗುಂಡಗೆ ಬರೆದು ಬಾಣದ ಗುರುತು ಹಾಕಿದಳು. ಇದು ನಿಲ್ಲುವುದಿಲ್ಲ, ಸುತ್ತುತ್ತದೆ ಎಂದಳು. ಎಲ್ಲವೂ ಒಂಬತ್ತರ ಮಗ್ಗಿಯಲ್ಲಿವೆ ಎಂಬುದನ್ನು ಮರುದಿನ ಇನ್ನೊಬ್ಬ ಹುಡುಗಿ ಕಂಡುಹಿಡಿದಳಂತೆ. ಅದು ತನಗೆ ಹೊಳೆಯಲಿಲ್ಲವೆಂದು ಇವಳಿಗೆ ಇಡೀ ದಿನ ಸಿಟ್ಟು.

ಕಾಗೆಗೂಡಿನ ವೀಕ್ಷಣೆಯನ್ನೂ ನಾನು ಮೆಚ್ಚಿದೆ. ಮಹಡಿಯ ಮೆಟ್ಟಿಲ ಕಿಟಕಿಯಿಂದ ಕಾಣುವ ಮರದಲ್ಲಿ ಕಾಗೆಯೊಂದು ಗೂಡು ಕಟ್ಟಿತ್ತು. ಕೋಗಿಲೆ ತನ್ನ ಮೊಟ್ಟೆಯನ್ನು ಕಾಗೆಯ ಗೂಡಿನಲ್ಲಿಡುತ್ತದೆ ಎಂದು ಕೇಳಿದ್ದ ಮಕ್ಕಳು ದಿನವೂ ಹತ್ತು ನಿಮಿಷ ಅಲ್ಲಿ ನಿಂತು ಕಂಡದ್ದನ್ನು ಬರೆದರು. ಗಂಡು ಕೋಗಿಲೆ ಕಪ್ಪು, ಕಣ್ಣು ಕೆಂಪು. ಹೆಣ್ಣು ಕಂದುಬಣ್ಣದ್ದು, ಮೈತುಂಬ ಚುಕ್ಕೆ. ಕೂಗು ಬೇಕಾದಷ್ಟು ಕೇಳಿಸಿತಾದರೂ ಮೂರು ವಾರಗಳಲ್ಲಿ ಗೂಡಿನ ಹತ್ತಿರ ಕೋಗಿಲೆ ಒಮ್ಮೆಯೂ ಸುಳಿಯಲಿಲ್ಲ. ಬಲಗಡೆಯ ಅಂಕಣದಲ್ಲಿ ದಿನವೂ, ಇಂದು ಬರಲಿಲ್ಲ ಎಂದೇ ಬರೆಸಿದರು. ಮೊಬೈಲಿನಲ್ಲಿ ವೀಡಿಯೊ ತೋರಿಸಿ ಸಮಾಧಾನಪಡಿಸುವ ಸುಲಭದ ದಾರಿಯನ್ನು ಹಿಡಿಯಲಿಲ್ಲ.

ಇನ್ನು ಬೇಸರದ ಮಾತುಗಳು. ಹದಿನೈದು ಮಕ್ಕಳಷ್ಟೇ ಎಂದು ಹೇಳಿ ಇಪ್ಪತ್ತಮೂರು ಮಕ್ಕಳನ್ನು ಸೇರಿಸಿಕೊಂಡಿದ್ದರು. ಮೇಲಿನ ರೀತಿಯ ಪಾಠಕ್ಕೆ ಇದು ಸಣ್ಣ ಲೋಪವಲ್ಲ. ಪ್ರತಿ ಮಗುವಿನ ಅಂದಾಜನ್ನೂ ಕೇಳಬೇಕು ಎಂಬುದೇ ಪದ್ಧತಿಯಾಗಿರುವಾಗ ಕೊನೆಯ ಸಾಲಿನ ಆರೇಳು ಮಕ್ಕಳ ಸರದಿ ಬರುವ ಹೊತ್ತಿಗೆ ಗಂಟೆ ಮುಗಿದಿರುತ್ತಿತ್ತು. ಅವರಲ್ಲಿ ಕೆಲವರು ಮೂರನೆಯ ವಾರದ ಹೊತ್ತಿಗೆ ಕೈಯೆತ್ತುವುದನ್ನೇ ಬಿಟ್ಟಿದ್ದರು. ಏಳು ವರ್ಷದವರನ್ನೂ ಹತ್ತು ವರ್ಷದವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ್ದರಿಂದ ಕಾಪ್ರೇಕರರ ವಾರದಲ್ಲಿ ಚಿಕ್ಕವರು ದಶಕ ಎರವಲು ಪಡೆಯುವುದರಲ್ಲೇ ತಿಣುಕಾಡಿದರು, ದೊಡ್ಡವರು ಬೇಗ ಮುಗಿಸಿ ಕಾಗದದ ರಾಕೆಟ್ಟು ಹಾರಿಸಿದರು. ಎರಡು ಕೋಣೆಗಳಿದ್ದವು, ಇಬ್ಬರು ಕಲಿಸುವವರಿದ್ದರು, ವಿಂಗಡಿಸಬಹುದಿತ್ತು.

ಭಾಷೆಯ ಗಂಟೆಯಂತೂ ನಿರಾಶೆ. ವಾರಕ್ಕೆ ಎರಡು ದಿನ, ಇಂಗ್ಲಿಷಿನಲ್ಲಿ ಮಾತ್ರ, ಬಿಟ್ಟ ಸ್ಥಳ ತುಂಬುವ ಮುದ್ರಿತ ಹಾಳೆಗಳು. ಅದೇ ಶಿಕ್ಷಕಿಯೇ ಇದನ್ನೂ ಆರಿಸಿದರೇ ಎಂದು ಆಶ್ಚರ್ಯವಾಯಿತು. ಆ ಕೋಣೆಯಲ್ಲಿ ಮರಾಠಿ, ಗುಜರಾತಿ, ತಮಿಳು, ಕನ್ನಡ, ತುಳು, ಕೊಂಕಣಿ ಆಡುವ ಮನೆಗಳ ಮಕ್ಕಳಿದ್ದರು. ಮಾಟುಂಗಾ ಎಂದರೆ ಅದೇ ತಾನೆ. ಕಾಗೆಗೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ ಎಂದು ಒಂದು ಪ್ರಶ್ನೆ ಕೇಳಿದ್ದರೂ ಅರ್ಧ ಗಂಟೆ ತುಂಬುತ್ತಿತ್ತು. ಅಂದಾಜ್ ಎಂಬ ಒಂದೇ ಪದ ಎಷ್ಟು ಮನೆಗಳಲ್ಲಿದೆ ಎಂದು ಎಣಿಸಿದ್ದರೆ ಅದೇ ಒಂದು ಅಳತೆಯ ಪಾಠವಾಗುತ್ತಿತ್ತು. ನಾನು ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ. ಪೋಷಕರು ಇಂಗ್ಲಿಷ್ ಕೇಳುತ್ತಾರೆ ಎಂದರು. ಬೆಂಚಿನ ಮೇಲೆ ಮೂರು ವಾರ ಕುಳಿತವನಾಗಿ ಅದು ಸುಳ್ಳೆಂದು ನಾನು ಹೇಳಲಾರೆ.

ವರ್ಲಿಯ ನೆಹರು ವಿಜ್ಞಾನ ಕೇಂದ್ರಕ್ಕೆ ಕರೆದೊಯ್ದ ದಿನವೂ ಸರಿಯಾಗಲಿಲ್ಲ. 1985ರಲ್ಲಿ ತೆರೆದ ಆ ಕೇಂದ್ರಕ್ಕೆ ನನ್ನ ಮಗನನ್ನೂ ಅವನ ಬಾಲ್ಯದಲ್ಲಿ ಕರೆದೊಯ್ದಿದ್ದೆ. ಮುಟ್ಟಿ, ಎಳೆದು, ತಿರುಗಿಸಿ ನೋಡುವ ಸಲಕರಣೆಗಳಿರುವ ಅಲ್ಲಿಗೆ ಒಂದು ಪೂರ್ತಿ ದಿನವೂ ಸಾಲದು. ಇವರು ಒಂದೂವರೆ ಗಂಟೆಯಲ್ಲಿ ಮುಗಿಸಿ, ಗೇಟಿನ ಬಳಿ ಗುಂಪು ಚಿತ್ರ ತೆಗೆದು, ಬಸ್ಸು ಹತ್ತಿಸಿದರು. ಬಸ್ಸಿನ ಖರ್ಚೆಂದು 350 ರೂಪಾಯಿ ಬೇರೆಯಾಗಿ ವಸೂಲು ಮಾಡಿದ್ದರು. ಅಜ್ಜ, ಅಜ್ಜಿ ಇರುವ ಮನೆಯವರು ಆ ಒಂದು ದಿನವನ್ನು ತಾವೇ ನೋಡಿಕೊಳ್ಳುವುದು ಮೇಲು. ಕೋಟೆ ಪ್ರದೇಶದ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದ ಆವರಣದಲ್ಲಿ 2019ರಿಂದ ಮಕ್ಕಳಿಗೆಂದೇ ಪ್ರತ್ಯೇಕ ಸಂಗ್ರಹಾಲಯವಿದೆ. ನಾನು ಇವಳನ್ನು ಒಂದು ಭಾನುವಾರ ಅಲ್ಲಿಗೆ ಕರೆದೊಯ್ದೆ, ಅವಸರವಿಲ್ಲದೆ ನೋಡಿದೆವು.

ಕೊನೆಯ ಎರಡು ದಿನಗಳನ್ನು ಪೋಷಕರ ಮುಂದೆ ಪ್ರದರ್ಶನ ಮಾಡಿಸುವ ತಾಲೀಮಿಗೆ ಬಳಸಿದರು. ಹದಿಮೂರು ದಿನ ಅಂದಾಜು ತಪ್ಪಾದರೂ ಪರವಾಗಿಲ್ಲ ಎಂದು ಕಲಿಸಿದವರು ಆ ಎರಡು ದಿನ ಸಾಲು ತಪ್ಪಿದ ಮಕ್ಕಳನ್ನು ತಿದ್ದುತ್ತ ಕುಳಿತದ್ದು ವಿಚಿತ್ರವಾಗಿತ್ತು. ಶುಲ್ಕವನ್ನು ಪೂರ್ತಿ ಮೊದಲೇ ಕಟ್ಟಬೇಕು, ಹಿಂದಿರುಗಿಸುವುದಿಲ್ಲ. ಜ್ವರ ಬಂದು ಮೂರನೆಯ ದಿನಕ್ಕೇ ಬಿಟ್ಟ ಒಂದು ಮಗುವಿನ ಮನೆಯವರಿಗೆ ಏನೂ ಮರಳಿಸಲಿಲ್ಲ. ಮುಂದಿನ ವರ್ಷ ಹೊಂದಿಸಿಕೊಳ್ಳುತ್ತೇವೆ ಎಂದರಂತೆ. ಕುಡಿಯುವ ನೀರು, ಫ್ಯಾನು ಸರಿಯಾಗಿದ್ದವು. ಮೂರು ಮಹಡಿ ಹತ್ತಬೇಕು, ಲಿಫ್ಟಿಲ್ಲ. ಇದು ಮಕ್ಕಳಿಗಿಂತ ನನ್ನಂಥವರಿಗೆ ಬೇಕಾದ ಮಾಹಿತಿ.

ಯಾರಿಗೆ ಇದು ಒಗ್ಗುತ್ತದೆ ಎಂಬುದನ್ನು ಬೆಂಚಿನ ಮೇಲೆ ಕೇಳಿದ ಮಾತಿನಿಂದಲೇ ಹೇಳುತ್ತೇನೆ. ಕಾಯುತ್ತಿದ್ದ ತಾಯಂದಿರಲ್ಲಿ ಅರ್ಧದಷ್ಟು ಜನರ ಬಾಯಲ್ಲಿ ಇದ್ದದ್ದು ಡಾ. ಹೋಮಿ ಭಾಭಾ ಬಾಲ ವೈಜ್ಞಾನಿಕ ಪರೀಕ್ಷೆಯ ವಿಚಾರ. ಮುಂಬೈಯ ವಿಜ್ಞಾನ ಶಿಕ್ಷಕರ ಸಂಘವು 1981ರಿಂದ ನಡೆಸುತ್ತಿರುವ ಆ ಪರೀಕ್ಷೆ ಆರನೆಯ ಮತ್ತು ಒಂಬತ್ತನೆಯ ತರಗತಿಯವರಿಗೆ. ತಯಾರಿ ಮಾತ್ರ ಈಗ ಮೂರನೆಯ ತರಗತಿಯ ಬೇಸಿಗೆಯಲ್ಲೇ ಶುರು. ಒಬ್ಬರು ಶಿಕ್ಷಕಿಯನ್ನು ತಡೆದು, ಇದರಿಂದ ಅದಕ್ಕೆ ಉಪಯೋಗವಾಗುತ್ತದೆಯೇ ಎಂದು ಕೇಳಿದರು. ಇಲ್ಲ, ಅದಕ್ಕೆ ಬೇರೆ ಕ್ಲಾಸುಗಳಿವೆ ಎಂದು ಅವರು ಮುಖಕ್ಕೆ ಹೊಡೆದಂತೆ ಹೇಳಿದರು. ಪರೀಕ್ಷೆಯ ಅಂಕವನ್ನು ಮನಸ್ಸಿನಲ್ಲಿಟ್ಟುಕೊಂಡವರು ಇಲ್ಲಿಗೆ ಕಳುಹಿಸಿ ನೊಂದುಕೊಳ್ಳುವುದು ಬೇಡ. ಮಗು ಬಹಳ ಸಂಕೋಚದ್ದಾಗಿದ್ದರೂ ಇಪ್ಪತ್ತಮೂರು ಜನರ ನಡುವೆ ಕಳೆದುಹೋಗುತ್ತದೆ. ದಿನಕ್ಕೆ ನೂರು ಯಾಕೆ ಎಂದು ಕೇಳಿ ಮನೆಯವರನ್ನು ಸುಸ್ತು ಮಾಡುವ ಮಗುವಾಗಿದ್ದರೆ, ಅದರ ಜೊತೆ ಸಂಜೆ ಒಂದು ಗಂಟೆ ಕೂರುವವರು ಮನೆಯಲ್ಲಿದ್ದರೆ, 6,500 ರೂಪಾಯಿ ದುಬಾರಿಯಲ್ಲ. ಆ ಸಂಜೆಯ ಗಂಟೆ ಇಲ್ಲದಿದ್ದರೆ ಇದರ ಅರ್ಧವೂ ದಕ್ಕುವುದಿಲ್ಲವೆಂದು ನನಗನ್ನಿಸುತ್ತದೆ, ಏಕೆಂದರೆ ಅವರು ಪ್ರಶ್ನೆಯನ್ನು ಅರ್ಧಕ್ಕೆ ಬಿಟ್ಟು ಮನೆಗೆ ಕಳುಹಿಸುವುದು ಬೇಕೆಂದೇ.

ಮೊಮ್ಮಗಳನ್ನು ಮತ್ತೆ ಇದೇ ತರಗತಿಗೆ ಕಳುಹಿಸುವಂತಿಲ್ಲ. ವಿಷಯಗಳು ಪ್ರತಿ ವರ್ಷ ಹೆಚ್ಚುಕಡಿಮೆ ಅವೇ ಇರುತ್ತವೆ, ಮುಂದಿನ ಹಂತವೆಂಬುದು ಅವರಲ್ಲಿಲ್ಲ. ಕಿರಿಯ ಮೊಮ್ಮಗನಿಗೆ ಬರುವ ಏಪ್ರಿಲ್‌ನಲ್ಲಿ ಏಳು ತುಂಬುತ್ತದೆ. ಮಾರ್ಚ್ ಕೊನೆಗೇ ಜಾಗ ತುಂಬುತ್ತದೆಂದು ಅವನ ಹೆಸರನ್ನು ಈಗಲೇ ಹೇಳಿಟ್ಟಿದ್ದೇವೆ. ಹಣ ಕಟ್ಟುವ ಮೊದಲು ಮಕ್ಕಳು ಒಟ್ಟು ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ಕೇಳಬೇಕೆಂದು ಸೊಸೆ ಹೇಳಿದ್ದಾಳೆ. ಅವರು ಹದಿನೈದು ಎಂದು ಬರೆದುಕೊಡುತ್ತಾರೆ, ಆದರೆ ಹದಿನೆಂಟು ಇರುತ್ತಾರೆ ಎಂಬುದು ಮೊಮ್ಮಗಳ ಅಂದಾಜು. ಅದನ್ನು ನೋಟ್‌ಬುಕ್ಕಿನ ಕೊನೆಯ ಪುಟದ ಎಡಗಡೆಯಲ್ಲಿ ಬರೆದಿಟ್ಟಿದ್ದಾಳೆ.